ಒಮ್ಮೆ ತಂಪು, ಒಮ್ಮೆ ಬಿಸಿ: ಹಳೆಯ ಪಿಕಪ್‌ನ ಎಸಿಯಲ್ಲಿ ದೋಷ ಹುಡುಕುವ ಬಗೆ

ಪುಣೆಯಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಬೀದರ್ ಜಿಲ್ಲೆಯನ್ನು ಹಾಯುವಲ್ಲಿ, ಬಸವಕಲ್ಯಾಣದ ಪೇಟೆಯಿಂದ ಹೊರಟು ಸಸ್ತಾಪುರ ಬಂಗ್ಲಾದ ಬಳಿ ಹೆದ್ದಾರಿ ಸೇರಿ, ರಾಜೇಶ್ವರದ ಮೇಲೆ ಹುಮನಾಬಾದ್ ಮುಟ್ಟುವ ಪಿಕಪ್ ವಾಹನ ಒಂದು ತಾಸಿನ ಒಳಗೇ ಮೂರು ಬಗೆಯ ದುಡಿಮೆ ಕಾಣುತ್ತದೆ: ಪೇಟೆಯ ಸಂದಣಿಯಲ್ಲಿ ಆಗಾಗ ನಿಂತು ತೆವಳುವ ನಡೆ, ಹೆದ್ದಾರಿಯ ಎಡೆಬಿಡದ ಓಟ, ಮತ್ತೆ ಹೆದ್ದಾರಿ 50 ಬಂದು ಕೂಡುವ ಹುಮನಾಬಾದಿನಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡೇ ಸರಕು ಇಳಿಸಲು ಕಾಯುವ ಹೊತ್ತು. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನಗಳಲ್ಲಿ ಹೊರಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಬಯಲಿನಲ್ಲಿ, ಹತ್ತು–ಹದಿನೈದು ವರ್ಷ ದುಡಿದ ಪಿಕಪ್‌ನ ಎಸಿ ಈ ಮೂರೂ ಹಂತಗಳಲ್ಲಿ ಒಂದೇ ಸಮನೆ ತಂಪು ಕೊಡುವುದು ಅಪರೂಪ. ಕೆಲವು ವಾಹನಗಳಲ್ಲಿ ಅದು ನಿಂತಲ್ಲಿ ಸೋಲುತ್ತದೆ, ಕೆಲವುಗಳಲ್ಲಿ ಓಡುತ್ತ ಓಡುತ್ತ ಸೋಲುತ್ತದೆ, ಇನ್ನು ಕೆಲವುಗಳಲ್ಲಿ ಮುಂಜಾನೆ ಸರಿಯಿದ್ದು ಮಧ್ಯಾಹ್ನ ಕೈಕೊಟ್ಟು ಸಂಜೆಗೆ ತಾನಾಗಿಯೇ ಸರಿಹೋಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಈ ದೋಷಗಳನ್ನೆಲ್ಲ ಚಾಲಕ ‘ಎಸಿ ನಡೀವಲ್ದು’ ಎಂಬ ಒಂದೇ ಮಾತಿನಲ್ಲಿ ಹೇಳುತ್ತಾನೆ. ದುರಸ್ತಿಯ ಅಂಗಡಿಯಲ್ಲಿ ಅದಕ್ಕೆ ‘ಗ್ಯಾಸ್ ಹೋಗ್ಯಾದ’ ಎಂಬ ಒಂದೇ ಉತ್ತರ ಸಿಗುವುದೂ ಅಷ್ಟೇ ಸಾಮಾನ್ಯ. ಆದರೆ ಎಸಿ ಯಾವ ಹೊತ್ತಿನಲ್ಲಿ, ಯಾವ ವೇಗದಲ್ಲಿ, ಎಷ್ಟು ನಿಮಿಷ ಓಡಿದ ಮೇಲೆ ನಿಂತಿತು ಎಂಬುದೇ ದೋಷದ ಮೊದಲ ಸಾಕ್ಷ್ಯ. ಆ ಸಾಕ್ಷ್ಯವನ್ನು ಕೇಳಿ ಬರೆದುಕೊಳ್ಳುವ ಮುನ್ನ ಗ್ಯಾಸ್ ತುಂಬಿಸುವುದೆಂದರೆ ಅದನ್ನು ಅಳಿಸಿಹಾಕಿದಂತೆಯೇ.

ಇದು ಸೌಕರ್ಯದ ಪ್ರಶ್ನೆ ಮಾತ್ರವಲ್ಲ. ದಿನಕ್ಕೆ ಎಂಟು–ಹತ್ತು ತಾಸು ಎಂಜಿನ್ನಿನ ಪಕ್ಕದಲ್ಲೇ ಕೂತು ಓಡಿಸುವವನ ಗಮನ, ಪ್ರತಿಕ್ರಿಯೆಯ ಚುರುಕು, ಮೈಯ ನೀರು ಎಲ್ಲವೂ ಕ್ಯಾಬಿನ್ನಿನ ಉಷ್ಣತೆ ಏರಿದಂತೆ ಇಳಿಯುತ್ತವೆ. 2025ರ ಅಕ್ಟೋಬರ್ 1ರಿಂದ ಈಚೆಗೆ ತಯಾರಾಗುವ ಎನ್2 ಮತ್ತು ಎನ್3 ವರ್ಗದ, ಎಂದರೆ ಒಟ್ಟು ತೂಕ ಮೂರೂವರೆ ಟನ್ ಮೀರಿದ ಸರಕು ವಾಹನಗಳ ಚಾಲಕರ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಗಿರುವುದು ಈ ಕಾರಣಕ್ಕೇ. ಬಹುತೇಕ ಪಿಕಪ್‌ಗಳು ಆ ಮಿತಿಗಿಂತ ಕೆಳಗೆ ಬರುತ್ತವೆ, ಹಳೆಯವಂತೂ ಈ ನಿಯಮದ ವ್ಯಾಪ್ತಿಗೆ ಸೇರುವುದೇ ಇಲ್ಲ. ಆದ್ದರಿಂದ ಬೊಲೆರೊ ಕ್ಯಾಂಪರ್, ಟಾಟಾ ಕ್ಸೆನಾನ್‌ನಂಥ ಹಳೆಯ ಎಸಿ ವಾಹನಗಳನ್ನು ಇಟ್ಟುಕೊಂಡವರಿಗೆ ಬಸವಕಲ್ಯಾಣದ ಆಟೊ ನಗರದಲ್ಲೋ ಹುಮನಾಬಾದಿನ ಹೆದ್ದಾರಿ ಬದಿಯಲ್ಲೋ ಸಿಗುವ ದುರಸ್ತಿಯೇ ಗತಿ.

ದೋಷವನ್ನು ಅರಿಯಲು ತಂಪು ಹುಟ್ಟುವ ಬಗೆಯನ್ನು ಅರಿಯಬೇಕು. ಈ ಭಾಗದ ಮನೆಗಳಲ್ಲಿ ಬೇಸಿಗೆಗೆ ತಂದಿಡುವ ಮಣ್ಣಿನ ರಂಜಣಗಿಯಲ್ಲಿ ನೀರು ಹೊರಮೈಗೆ ಜಿನುಗಿ ಆವಿಯಾಗುವಾಗ, ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಹೀರಿಕೊಳ್ಳುವುದರಿಂದ ಒಳಗಿನ ನೀರು ತಣ್ಣಗಾಗುತ್ತದೆ. ದ್ರವವೊಂದು ಆವಿಯಾಗುವಾಗ ಉಷ್ಣತೆ ಏರದೆಯೇ ಹೀರಿಕೊಳ್ಳುವ ಈ ಶಾಖಕ್ಕೆ ಗುಪ್ತೋಷ್ಣ ಎಂದು ಹೆಸರು. ಎಸಿಯಲ್ಲಿ ನಡೆಯುವುದೂ ಇದೇ, ಆದರೆ ರಂಜಣಗಿಯ ಆವಿ ಗಾಳಿಯಲ್ಲಿ ಹೋಗಿಬಿಡುತ್ತದೆ, ಎಸಿಯ ಆವಿಯನ್ನು ಹಿಡಿದು ಮತ್ತೆ ದ್ರವವಾಗಿಸಿ ಮತ್ತೆ ಬಳಸಲಾಗುತ್ತದೆ. ಕಳೆದ ಶತಮಾನದ ತೊಂಬತ್ತರ ದಶಕದ ನಂತರದ ಬಹುಪಾಲು ವಾಹನಗಳಲ್ಲಿರುವ ಆರ್-134ಎ ಎಂಬ ಶೀತಕವು ಸಮುದ್ರಮಟ್ಟದ ವಾಯುಭಾರದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವ ವಸ್ತು. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಅದರ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರ್‌ನಲ್ಲಿ ಆ ಬಿಸಿ ಆವಿ ಹೊರಗಿನ ಗಾಳಿಗೆ ಶಾಖ ಕೊಟ್ಟು ದ್ರವವಾಗುತ್ತದೆ. ತೇವ ಹೀರುವ ಹರಳುಗಳಿರುವ ಡ್ರೈಯರ್ ಬಾಟಲಿಯ ಮೂಲಕ ಹಾದು, ಎಕ್ಸ್‌ಪಾನ್ಶನ್ ವಾಲ್ವ್ ಎಂಬ ಅತಿ ಸಣ್ಣ ಕಿಂಡಿಯಿಂದ ಚಿಮ್ಮಿದಾಗ ಒತ್ತಡ ಥಟ್ಟನೆ ಕುಸಿದು, ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್‌ನಲ್ಲಿ ಮತ್ತೆ ಕುದಿಯುತ್ತದೆ. ಸೊನ್ನೆ ಡಿಗ್ರಿಯ ಹತ್ತಿರ ಒಂದು ಕಿಲೋ ಆರ್-134ಎ ಹೀಗೆ ಆವಿಯಾಗುವಾಗ ಸುಮಾರು 200 ಕಿಲೋಜೂಲ್ ಶಾಖವನ್ನು ಹೀರುತ್ತದೆ, ಆ ಶಾಖವೇ ಕ್ಯಾಬಿನ್ನಿನ ಗಾಳಿಯಿಂದ ಹೋಗುವ ಶಾಖ.

ಗ್ಯಾಸ್ ಕಡಿಮೆಯಾಗಿದೆಯೇ ಎಂದು ನೋಡಲು ಗೇಜ್ ಹಚ್ಚಿ, ಎಂಜಿನ್ ಬಂದ್ ಇದ್ದಾಗಿನ ಒತ್ತಡವನ್ನು ಓದಿ ತೀರ್ಮಾನಿಸುವ ರೂಢಿ ವ್ಯಾಪಕವಾಗಿದೆ. ಅದು ಏಕೆ ತಪ್ಪು ಎಂಬುದನ್ನು ಅಡುಗೆಮನೆಯ ಸಿಲಿಂಡರ್ ಚೆನ್ನಾಗಿ ತಿಳಿಸುತ್ತದೆ. ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿದ್ದಾಗಲೂ ಎರಡು ಕಿಲೋ ಉಳಿದಾಗಲೂ ಒಲೆಯ ಉರಿ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ, ಏಕೆಂದರೆ ತಳದಲ್ಲಿ ದ್ರವ ಉಳಿದಿರುವವರೆಗೆ ಒಳಗಿನ ಒತ್ತಡವನ್ನು ನಿರ್ಧರಿಸುವುದು ಉಷ್ಣತೆಯೇ ಹೊರತು ಪ್ರಮಾಣವಲ್ಲ. ಅದಕ್ಕೇ ಸಿಲಿಂಡರನ್ನು ತೂಗಿ ಕೊಡುತ್ತಾರೆ, ಒತ್ತಡ ಅಳೆದು ಕೊಡುವುದಿಲ್ಲ. ನಿಂತಿರುವ ಎಸಿಯೂ ಹಾಗೆಯೇ: 30 ಡಿಗ್ರಿಯ ಮುಂಜಾನೆ ಎರಡೂ ಗೇಜುಗಳು ಸುಮಾರು 97 ಪಿಎಸ್‌ಐ, 40 ಡಿಗ್ರಿಯ ಮಧ್ಯಾಹ್ನ ಸುಮಾರು 133 ಪಿಎಸ್‌ಐ ತೋರಿಸುತ್ತವೆ, ಒಳಗಿರುವುದು ಪೂರ್ತಿ ಪ್ರಮಾಣವೋ ಅರ್ಧವೋ ಎಂಬುದನ್ನು ಅವು ಹೇಳಲಾರವು. ಒತ್ತಡ ಆ ದಿನದ ಉಷ್ಣತೆಗೆ ಇರಬೇಕಾದದ್ದಕ್ಕಿಂತ ಬಹಳ ಕೆಳಗಿದ್ದರೆ ಮಾತ್ರ ಶೀತಕ ಬಹುತೇಕ ಸೋರಿಹೋಗಿದೆ ಎನ್ನಬಹುದು. ಬಹಳ ಮೇಲಿದ್ದರೆ ಗಾಳಿಯೋ ಬೇರೆ ಅನಿಲವೋ ಬೆರೆತಿದೆ ಎಂದು ಶಂಕಿಸಬಹುದು. ಒಂದು ಕೂಲಿಂಗ್ ಕಾಯಿಲ್ ಇರುವ ಪಿಕಪ್‌ಗೆ ಬೇಕಾದ ಶೀತಕ ಸಾಮಾನ್ಯವಾಗಿ ಅರ್ಧ ಕಿಲೋದ ಆಸುಪಾಸು, ನಿಖರವಾದ ತೂಕ ಬಾನೆಟ್ಟಿನ ಒಳಗಿನ ಚೀಟಿಯಲ್ಲಿರುತ್ತದೆ. ನೂರು ಗ್ರಾಂ ಎಂದರೆ ಅದರ ಐದನೆಯ ಒಂದು ಪಾಲು. ಹೊರಗಿನಿಂದ ಅಂದಾಜಿನಲ್ಲಿ ‘ಸ್ವಲ್ಪ’ ಸೇರಿಸುವ ಕೈ ಇಷ್ಟು ವ್ಯತ್ಯಾಸವನ್ನು ಗಮನಿಸದೆಯೇ ಮಾಡಿಬಿಡಬಲ್ಲದು. ಹೀಗೆ ಹೆಚ್ಚಾದ ಶೀತಕ ಮುಂಜಾನೆಯ ಪರೀಕ್ಷೆಯಲ್ಲಿ ಚೆನ್ನಾಗಿಯೇ ತಂಪು ಕೊಟ್ಟು, ಮಧ್ಯಾಹ್ನದ ಬಿಸಿಲಲ್ಲಿ ಒತ್ತಡ ಮಿತಿಮೀರಿ ಕಂಪ್ರೆಸರನ್ನು ನಿಲ್ಲಿಸುತ್ತದೆ. ಆಗ ಮೊದಲಿನ ದೋಷದ ಮೇಲೆ ಇನ್ನೊಂದು ದೋಷ ಕೂತಂತಾಯಿತು.

ನಿಂತಲ್ಲಿ ಸೋಲುವ ಎಸಿಯದು ಎಲ್ಲಕ್ಕಿಂತ ಸರಳವಾದ ಪ್ರಕರಣ. ವಾಹನ ಓಡುವಾಗ ಎದುರುಗಾಳಿಯೇ ಕಂಡೆನ್ಸರಿನ ಶಾಖವನ್ನು ಒಯ್ಯುತ್ತದೆ, ನಿಂತಾಗ ಆ ಕೆಲಸವೆಲ್ಲ ಫ್ಯಾನಿನದು. ಹೊರಗೆ 40 ಡಿಗ್ರಿ ಇದ್ದಾಗ ಸುಸ್ಥಿತಿಯಲ್ಲಿರುವ ಕಂಡೆನ್ಸರ್‌ನಲ್ಲಿ ಶೀತಕ ಸುಮಾರು 60 ಡಿಗ್ರಿಯಲ್ಲಿ ದ್ರವವಾಗುತ್ತದೆ ಎಂದಿಟ್ಟುಕೊಂಡರೆ ಹೆಚ್ಚಿನ ಒತ್ತಡದ ಬದಿಯಲ್ಲಿ ಸುಮಾರು 230 ಪಿಎಸ್‌ಐ ಇರುತ್ತದೆ; ಗಾಳಿ ಸಾಲದೆ ಅದೇ 80 ಡಿಗ್ರಿಗೆ ಏರಿದರೆ ಒತ್ತಡ 365 ಪಿಎಸ್‌ಐ ಮೀರುತ್ತದೆ, ಇನ್ನಷ್ಟು ಏರಿದರೆ ರಕ್ಷಣೆಗೆಂದೇ ಇರುವ ಪ್ರೆಶರ್ ಸ್ವಿಚ್ ಕಂಪ್ರೆಸರಿನ ವಿದ್ಯುತ್ತನ್ನು ಕಡಿಯುತ್ತದೆ. ಇಲ್ಲಿಯ ನೆಲ ಈ ದೋಷವನ್ನು ಬೇಗ ತರುತ್ತದೆ. ಜಂಬಿಟ್ಟಿಗೆಯ ಕೆಂಪು ಧೂಳು ಮತ್ತು ಎರೆಭೂಮಿಯ ನುಣ್ಣನೆಯ ಕಪ್ಪು ಪುಡಿ ಎರಡೂ ಇರುವ ಈ ಎರಡು ತಾಲ್ಲೂಕುಗಳಲ್ಲಿ, ಸೋಯಾ ರಾಶಿಯ ಹೊತ್ತಿನಲ್ಲಿ ಏಳುವ ಹೊಟ್ಟು, ತೊಗರಿಯ ಹೊಟ್ಟು, ಕಬ್ಬಿನ ರವದಿಯ ಚೂರು ಕಂಡೆನ್ಸರಿನ ಎಲೆಗಳ ನಡುವೆ ಹೊಕ್ಕು, ಎಣ್ಣೆಯ ಪಸೆಯೊಂದಿಗೆ ಸೇರಿ ಗಟ್ಟಿಯಾದ ಪದರ ಕಟ್ಟುತ್ತವೆ. ಅದು ಹೆಚ್ಚಾಗಿ ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವಿನ ಸಂದಿಯಲ್ಲಿ ಕೂರುವುದರಿಂದ ಮುಂದಿನಿಂದ ನೋಡಿದವರಿಗೆ ಎಲ್ಲ ಸ್ವಚ್ಛವಾಗಿಯೇ ಕಾಣುತ್ತದೆ. ಇದನ್ನು ಪತ್ತೆಹಚ್ಚಲು ದುಬಾರಿ ಉಪಕರಣ ಬೇಕಿಲ್ಲ. ಎಂಜಿನ್ ಚಾಲೂ ಇಟ್ಟು ಎಸಿ ಸೋಲುವವರೆಗೆ ಕಾದು, ಕಂಡೆನ್ಸರಿನ ಮುಂಭಾಗಕ್ಕೆ ತೆಳ್ಳಗೆ ನೀರು ಬಿಟ್ಟಾಗ ಕೆಲವೇ ನಿಮಿಷಗಳಲ್ಲಿ ತಂಪು ಮರಳಿದರೆ, ದೋಷ ಶಾಖ ಹೊರಹೋಗುವ ದಾರಿಯಲ್ಲಿದೆ, ಶೀತಕದ ಕೊರತೆಯಲ್ಲಿ ಅಲ್ಲ. ಮುಂದಿನ ಹುಡುಕಾಟ ಕೊಳೆಗೋ, ತಿರುಗದ ವಿದ್ಯುತ್ ಫ್ಯಾನಿಗೋ, ಎಂಜಿನ್ನಿನ ದೊಡ್ಡ ಫ್ಯಾನಿನ ವಿಸ್ಕಸ್ ಕ್ಲಚ್ಚಿಗೋ ಹೋಗಬೇಕು. ಈ ಕೊನೆಯದು ಬಿಸಿಯಾದಾಗ ಒಳಗಿನ ಸಿಲಿಕೋನ್ ಎಣ್ಣೆಯ ಹಿಡಿತದಿಂದ ಫ್ಯಾನನ್ನು ಬಿಗಿಹಿಡಿಯುವ ಸಾಧನ; ಎಣ್ಣೆ ಸೋರಿದ ಹಳೆಯ ಕ್ಲಚ್ಚಿನಲ್ಲಿ ಫ್ಯಾನ್ ತಿರುಗುತ್ತದೆ, ಆದರೆ ಗಾಳಿ ಎಳೆಯುವಷ್ಟು ಜೋರಾಗಿ ಅಲ್ಲ.

ಓಡುತ್ತ ಓಡುತ್ತ ಸೋಲುವ ಎಸಿಯನ್ನು ಬಿಡಿಸುವುದು ಕಷ್ಟ, ಆದ್ದರಿಂದಲೇ ಅದರ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಸಸ್ತಾಪುರ ಬಂಗ್ಲಾ ದಾಟಿ ಇಪ್ಪತ್ತು–ಮೂವತ್ತು ನಿಮಿಷ ಒಳ್ಳೆಯ ತಂಪು ಕೊಟ್ಟು ಆಮೇಲೆ ಕ್ಷೀಣಿಸುವ, ಹತ್ತು ನಿಮಿಷ ಬಂದ್ ಮಾಡಿಟ್ಟರೆ ಮತ್ತೆ ಸರಿಯಾಗುವ ಎಸಿಯಲ್ಲಿ ಎಲ್ಲೋ ನೀರು ಹೆಪ್ಪುಗಟ್ಟುತ್ತಿದೆ ಎಂಬ ಅನುಮಾನ ಸಹಜ. ಆದರೆ ಹೆಪ್ಪುಗಟ್ಟುವ ಜಾಗಗಳು ಎರಡು, ಒಂದು ಕೂಲಿಂಗ್ ಕಾಯಿಲ್‌ನ ಹೊರಮೈ, ಇನ್ನೊಂದು ಎಕ್ಸ್‌ಪಾನ್ಶನ್ ವಾಲ್ವಿನ ಒಳಕಿಂಡಿ. ಮೊದಲನೆಯದರಲ್ಲಿ ಕ್ಯಾಬಿನ್ನಿನ ಗಾಳಿಯಲ್ಲಿರುವ ತೇವವೇ ಕಾಯಿಲ್‌ನ ಎಲೆಗಳ ಮೇಲೆ ಮಂಜುಗಡ್ಡೆಯಾಗಿ ಕಟ್ಟಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಕಾಯಿಲ್ ಸುಮಾರು 3 ಡಿಗ್ರಿಗೆ ಇಳಿದಾಗ ಕಂಪ್ರೆಸರನ್ನು ನಿಲ್ಲಿಸಿ, ಏರಿದಾಗ ಮತ್ತೆ ಚಾಲೂ ಮಾಡುವುದು ಥರ್ಮೋಸ್ಟಾಟ್ ಅಥವಾ ಅದರ ಜಾಗದಲ್ಲಿರುವ ಥರ್ಮಿಸ್ಟರ್ ಎಂಬ ಉಷ್ಣಸಂವೇದಕದ ಕೆಲಸ. ಅದು ಕೆಟ್ಟರೆ, ಅಥವಾ ಹಿಂದೊಮ್ಮೆ ಡ್ಯಾಶ್‌ಬೋರ್ಡ್ ಬಿಚ್ಚಿದವರು ಅದನ್ನು ಇದ್ದ ಜಾಗದಲ್ಲಿ ಮರಳಿ ಸಿಕ್ಕಿಸದೆ ಬಿಟ್ಟಿದ್ದರೆ, ಕಂಪ್ರೆಸರ್ ನಿಲ್ಲುವುದೇ ಇಲ್ಲ. ಎರಡನೆಯದರಲ್ಲಿ ನೀರು ಬಂದದ್ದು ಶೀತಕದ ಜೊತೆಗೇ. ಯಾವಾಗಲೋ ಪೈಪ್ ಬಿಚ್ಚಿದಾಗ ಒಳಹೊಕ್ಕ ತೇವವನ್ನು ಹಳೆಯ ಡ್ರೈಯರ್ ಹೀರಲಾರದೆ ಹೋದಾಗ, ವಾಲ್ವಿನ ಬಾಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಮಂಜಿನ ಬೆಣೆ ಕೂತು ಶೀತಕದ ಹರಿವನ್ನೇ ತಡೆಯುತ್ತದೆ.

ಇವೆರಡನ್ನು ಬೇರ್ಪಡಿಸುವ ಗುರುತು ಚಾಲಕನ ಅಂಗೈಯಲ್ಲಿದೆ. ಹೊರಮೈ ಹೆಪ್ಪುಗಟ್ಟಿದರೆ ಬ್ಲೋವರಿನ ಸದ್ದು ಹಾಗೆಯೇ ಇದ್ದು ಕಿಂಡಿಗಳಿಂದ ಬರುವ ಗಾಳಿಯ ರಭಸವೇ ಕುಗ್ಗುತ್ತದೆ, ಬರುವ ಅಷ್ಟಿಷ್ಟು ಗಾಳಿ ಮೊದಮೊದಲು ಬಹಳ ತಣ್ಣಗೂ ಇರುತ್ತದೆ. ವಾಲ್ವ್ ಹೆಪ್ಪುಗಟ್ಟಿದರೆ ರಭಸ ಕುಗ್ಗುವುದಿಲ್ಲ, ಗಾಳಿ ಬಿಸಿಯಾಗುತ್ತದೆ. ಗೇಜ್ ಹಚ್ಚಿ ನೋಡಿದರೆ ವಾಲ್ವ್ ಮುಚ್ಚಿದ ಗಳಿಗೆಯಲ್ಲಿ ಕಡಿಮೆ ಒತ್ತಡದ ಬದಿಯ ಮುಳ್ಳು ಸೊನ್ನೆ ದಾಟಿ ನಿರ್ವಾತದ ಕಡೆಗೆ ಇಳಿಯುತ್ತದೆ. ಋತುವೂ ಇಲ್ಲಿ ಮಾತಾಡುತ್ತದೆ: ಏಪ್ರಿಲ್ ತಿಂಗಳ ಒಣಗಾಳಿಯಲ್ಲಿ ತೇವ ಕಡಿಮೆ ಇರುವುದರಿಂದ ಕಾಯಿಲ್‌ನ ಹೊರಮೈ ಮಂಜುಗಟ್ಟುವ ದೂರು ಹೆಚ್ಚಾಗಿ ಬರುವುದು ಮುಂಗಾರಿನ ದಿನಗಳಲ್ಲಿ, ಒಳಗಿನ ತೇವಕ್ಕಾದರೋ ಋತುವಿನ ಹಂಗಿಲ್ಲ. ಆದ್ದರಿಂದ ‘ಗಾಳಿ ಕಡಿಮೆ ಆಗ್ತದೇನು, ಬಿಸಿ ಆಗ್ತದೇನು’ ಎಂಬ ಪ್ರಶ್ನೆಯನ್ನು ದುರಸ್ತಿಯ ಮೊದಲ ನಿಮಿಷದಲ್ಲೇ ಕೇಳುವ ಮಿಸ್ತ್ರಿ, ಅದನ್ನು ಕೇಳದವರು ಇಡೀ ದಿನ ಡ್ಯಾಶ್‌ಬೋರ್ಡ್ ಬಿಚ್ಚಿ ತಿಳಿಯುವುದನ್ನು ಕೂತಲ್ಲೇ ತಿಳಿಯುತ್ತಾನೆ.

ಒಳಗಿನ ತೇವವನ್ನು ತೆಗೆಯುವ ಮಾರ್ಗ ಒಂದೇ, ಹಳೆಯ ಡ್ರೈಯರನ್ನು ಬದಲಿಸಿ ವ್ಯವಸ್ಥೆಯನ್ನು ನಿರ್ವಾತಗೊಳಿಸುವುದು. ನೀರನ್ನು ಪಂಪು ಹೊರಗೆಳೆಯುವುದಿಲ್ಲ. ಒತ್ತಡ ಇಳಿಸಿ, ಆ ದಿನದ ಉಷ್ಣತೆಯಲ್ಲೇ ನೀರು ಕುದಿಯುವಂತೆ ಮಾಡಿ, ಆವಿಯನ್ನು ಎಳೆಯುತ್ತದೆ. 30 ಡಿಗ್ರಿಯಲ್ಲಿ ನೀರು ಕುದಿಯಬೇಕಾದರೆ ಒಳಗಿನ ಒತ್ತಡ 4.2 ಕಿಲೋಪಾಸ್ಕಲ್‌ಗಿಂತ ಕೆಳಗಿಳಿಯಬೇಕು. ಇಲ್ಲಿ ಬಸವಕಲ್ಯಾಣ ಮತ್ತು ಹುಮನಾಬಾದ್ ಇರುವ ಎತ್ತರ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಮೇಲಿರುವ ಈ ಪ್ರಸ್ಥಭೂಮಿಯಲ್ಲಿ ಹೊರಗಿನ ವಾಯುಭಾರವೇ ಸುಮಾರು 94 ಕಿಲೋಪಾಸ್ಕಲ್, ಸಮುದ್ರಮಟ್ಟದ 101ಕ್ಕಿಂತ ಕಡಿಮೆ. ಗೇಜು ತೋರಿಸುವುದು ಹೊರಗಿನ ಮತ್ತು ಒಳಗಿನ ಒತ್ತಡಗಳ ವ್ಯತ್ಯಾಸವನ್ನಾದ್ದರಿಂದ, ಪೂರ್ಣ ನಿರ್ವಾತವಾದರೂ ಇಲ್ಲಿಯ ಮುಳ್ಳು ಪುಸ್ತಕದಲ್ಲಿರುವ 29.9 ಇಂಚನ್ನು (ಪಾದರಸದ ಇಂಚು) ಎಂದೂ ಮುಟ್ಟದು, ಸುಮಾರು 27.7 ಇಂಚಿಗೆ ನಿಲ್ಲುತ್ತದೆ. ಅದನ್ನು ಕಂಡು ಪಂಪು ಕೆಟ್ಟಿದೆ, ಎಲ್ಲೋ ಸೋರುತ್ತಿದೆ ಎಂದು ತಿಳಿಯುವುದು ತಪ್ಪು. ಇನ್ನೊಂದು ಬದಿಯಲ್ಲಿ, ಮುಳ್ಳು 26 ಇಂಚು ತೋರಿಸಿತೆಂದು ತೃಪ್ತಿಪಡುವುದೂ ತಪ್ಪು, ಏಕೆಂದರೆ 30 ಡಿಗ್ರಿಯ ದಿನ ನೀರು ಕುದಿಯತೊಡಗಲು ಇಲ್ಲಿ ಸುಮಾರು 26.5 ಇಂಚಾದರೂ ದಾಟಬೇಕು. ಒಣಗಿದ ವ್ಯವಸ್ಥೆಗೂ ಒದ್ದೆ ಉಳಿದ ವ್ಯವಸ್ಥೆಗೂ ನಡುವಿನ ಅಂತರ ಗೇಜಿನ ಮುಖದ ಮೇಲೆ ಒಂದೂಕಾಲು ಇಂಚು ಮಾತ್ರ. ಹಳೆಯ ಫ್ರಿಜ್ಜಿನ ಕಂಪ್ರೆಸರನ್ನೇ ವ್ಯಾಕ್ಯೂಮ್ ಪಂಪಾಗಿ ಬಳಸುವ ಅಂಗಡಿಗಳಲ್ಲಿ ಈ ಅಂತರವನ್ನು ದಾಟಲು ಹೆಚ್ಚು ಹೊತ್ತು ಬೇಕಾಗುವುದರಿಂದ, ಹತ್ತು ನಿಮಿಷದ ನಿರ್ವಾತ ಸಾಕೆಂಬ ಅವಸರ ಮತ್ತೆ ಅದೇ ಮಂಜಿನ ಬೆಣೆಯನ್ನು ತರುತ್ತದೆ. ಮುಕ್ಕಾಲು ತಾಸು ಪಂಪು ನಡೆಸಿ, ಆಮೇಲೆ ವಾಲ್ವ್ ಮುಚ್ಚಿ ಮುಳ್ಳು ಅಲುಗದೆ ನಿಲ್ಲುವುದನ್ನು ಕಾಯುವುದು ವ್ಯರ್ಥವಲ್ಲ. ಮುಳ್ಳು ನಿಧಾನವಾಗಿ ಸ್ವಲ್ಪ ಏರಿ ಒಂದು ಕಡೆ ನಿಂತರೆ ಒಳಗಿನ್ನೂ ತೇವವಿದೆ, ನಿಲ್ಲದೆ ಸೊನ್ನೆಯ ಕಡೆಗೆ ಏರುತ್ತಲೇ ಹೋದರೆ ಸೋರಿಕೆಯಿದೆ.

ಮುಂಜಾನೆ ನಡೆದು ಮಧ್ಯಾಹ್ನ ನಿಲ್ಲುವ ಎಸಿಯಲ್ಲಿ, ಶೀತಕ ಹೆಚ್ಚಾಗಿಲ್ಲವೆಂದು ಖಚಿತವಾದ ಮೇಲೆ, ವಿದ್ಯುತ್ತಿನ ಕಡೆಗೆ ತಿರುಗಬೇಕಾಗುತ್ತದೆ. ಬೆಲ್ಟ್ ತಿರುಗಿಸುವ ಪುಲ್ಲಿ ಸದಾ ತಿರುಗುತ್ತಿದ್ದರೂ ಕಂಪ್ರೆಸರ್ ತಿರುಗುವುದು, ಪುಲ್ಲಿಯ ಹಿಂದಿರುವ ತಾಮ್ರದ ಸುರುಳಿಗೆ ವಿದ್ಯುತ್ ಹರಿದು, ಅದು ಅಯಸ್ಕಾಂತವಾಗಿ ಮುಂದಿನ ಉಕ್ಕಿನ ಬಿಲ್ಲೆಯನ್ನು ಪುಲ್ಲಿಗೆ ಕಚ್ಚಿಸಿದಾಗ ಮಾತ್ರ. ಇದನ್ನೇ ಮ್ಯಾಗ್ನೆಟ್ ಕ್ಲಚ್ ಎನ್ನುತ್ತಾರೆ. ಸುರುಳಿಯ ಪ್ರತಿರೋಧ ತಂಪಿನಲ್ಲಿ, 20 ಡಿಗ್ರಿಯಲ್ಲಿ, 3.6 ಓಮ್ ಇದೆ ಎಂದಿಟ್ಟುಕೊಂಡರೆ 12 ವೋಲ್ಟಿನಲ್ಲಿ 3.3 ಆಂಪಿಯರ್ ಹರಿಯುತ್ತದೆ. ತಾಮ್ರದ ಪ್ರತಿರೋಧ ಪ್ರತಿ ಡಿಗ್ರಿಗೆ ಶೇ 0.39ರಷ್ಟು ಏರುವುದರಿಂದ, ಬಿಸಿ ಎಂಜಿನ್ನಿನ ಪಕ್ಕದಲ್ಲಿ ಸುರುಳಿ 100 ಡಿಗ್ರಿ ಮುಟ್ಟಿದಾಗ ಅದೇ ಸುರುಳಿ 4.7 ಓಮ್ ಆಗಿ ವಿದ್ಯುತ್ತು 2.5 ಆಂಪಿಯರಿಗೆ ಇಳಿಯುತ್ತದೆ. ಸೆಳೆತದ ಬಲ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಮುಂಜಾನೆಯ ಬಲದ ಶೇ 58ಕ್ಕೆ ಕುಸಿಯುತ್ತದೆ. ಹೊಸ ಕ್ಲಚ್ಚಿಗೆ ಇದು ಲೆಕ್ಕಕ್ಕಿಲ್ಲ, ಬಿಲ್ಲೆಗೂ ಪುಲ್ಲಿಗೂ ನಡುವಿನ ಸಂದು ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿರುವುದರಿಂದ ಉಳಿದ ಬಲವೇ ಸಾಕಾಗುತ್ತದೆ. ವರ್ಷಗಟ್ಟಲೆ ಕಚ್ಚಿ ಬಿಟ್ಟು ಸವೆದ ಹಳೆಯ ಕ್ಲಚ್ಚಿನಲ್ಲಿ ಸಂದು ಹೆಚ್ಚಿದಾಗ, ಬಲ ಸಂದಿನ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದರಿಂದ, ಸಂದು ಇಮ್ಮಡಿಸಿದರೆ ಸೆಳೆತ ಆದರ್ಶ ಲೆಕ್ಕದಲ್ಲಿ ಕಾಲು ಭಾಗಕ್ಕೆ ಇಳಿಯುತ್ತದೆ. ಮುಂಜಾನೆ ಹೇಗೋ ಕಚ್ಚುವ ಬಿಲ್ಲೆ ಮಧ್ಯಾಹ್ನ ಕಚ್ಚುವುದಿಲ್ಲ, ಸಂಜೆ ಸುರುಳಿ ತಣಿದ ಮೇಲೆ ಮತ್ತೆ ಕಚ್ಚುತ್ತದೆ. ಎಂಜಿನ್ ಬಂದ್ ಮಾಡಿ ಫೀಲರ್ ಗೇಜಿನಿಂದ ಸಂದನ್ನು ಅಳೆದು, ಒಳಗಿನ ತೆಳು ವಾಷರ್ ಒಂದನ್ನು ತೆಗೆದು ಸಂದು ಸರಿಪಡಿಸಿದರೆ ಅನೇಕ ವೇಳೆ ಕಂಪ್ರೆಸರನ್ನು ಬದಲಿಸಬೇಕಾಗಿಯೇ ಬರುವುದಿಲ್ಲ. ಸಾವಿರಾರು ರೂಪಾಯಿಯ ಕಂಪ್ರೆಸರ್ ಹೀಗೆ ಒಂದು ವಾಷರಿನ ದೆಸೆಯಿಂದ ಗುಜರಿಗೆ ಹೋಗುವುದು ನೋವಿನ ಸಂಗತಿ.

ಸಂದು ಸರಿಯಿದ್ದೂ ಬಿಲ್ಲೆ ಕಚ್ಚದಿದ್ದರೆ, ಸುರುಳಿಯವರೆಗೆ ಪೂರ್ತಿ ವೋಲ್ಟೇಜ್ ಬರುತ್ತಿದೆಯೇ ಎಂಬುದನ್ನು ನೋಡಬೇಕು, ಇಲ್ಲಿ ಟೆಸ್ಟ್ ಲ್ಯಾಂಪ್ ಮೋಸ ಮಾಡುತ್ತದೆ. ರಿಲೇ, ಎಂದರೆ ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ತೆರೆದು ಮುಚ್ಚುವ ಸ್ವಿಚ್ಚಿನ ಒಳಗಿನ ಬಿಂದುಗಳು ಸುಟ್ಟು, ಅಥವಾ ಅರ್ಥ್ ತಂತಿಯ ತುದಿ ತುಕ್ಕು ಹಿಡಿದು, ಒಂದು ಓಮ್ ಪ್ರತಿರೋಧ ಸೇರಿಕೊಂಡಿದೆ ಎಂದಿಟ್ಟುಕೊಂಡರೆ, ಕಾಲು ಆಂಪಿಯರ್ ಮಾತ್ರ ಎಳೆಯುವ ಮೂರು ವಾಟಿನ ಟೆಸ್ಟ್ ಲ್ಯಾಂಪಿಗೆ ಅಲ್ಲಿ ಕಳೆಯುವುದು ಕಾಲು ವೋಲ್ಟಷ್ಟೇ, ಬಲ್ಬು ಪೂರ್ತಿ ಬೆಳಗುತ್ತದೆ. ಅದೇ ದಾರಿಯಲ್ಲಿ ಕ್ಲಚ್ಚಿನ ಸುರುಳಿಗೆ ಬರುವಾಗ 2.6 ವೋಲ್ಟ್ ಕಳೆದು ಉಳಿಯುವುದು 9.4 ವೋಲ್ಟ್. ಆದ್ದರಿಂದ ಅಳತೆಯನ್ನು ಕ್ಲಚ್ಚಿನ ಜೋಡಣೆ ಬಿಚ್ಚದೆ, ಎಸಿ ಚಾಲೂ ಇರುವಾಗ, ದೋಷ ಕಾಣಿಸಿಕೊಂಡ ಗಳಿಗೆಯಲ್ಲೇ ಮಲ್ಟಿಮೀಟರಿನಿಂದ ಮಾಡಬೇಕು. ಆದರೆ ಆ ಗಳಿಗೆ ಅಂಗಡಿಯಲ್ಲಿ ಬರುವುದಿಲ್ಲ, ರಾಜೇಶ್ವರದ ಹತ್ತಿರ ಬಿಸಿಲಲ್ಲಿ ಬರುತ್ತದೆ. ಇದಕ್ಕೆ ಹಳೆಯ, ಸರಳವಾದ ಉಪಾಯವೊಂದಿದೆ: ಕ್ಲಚ್ಚಿಗೆ ಹೋಗುವ ತಂತಿಯಿಂದ ಫ್ಯೂಸ್ ಹಾಕಿದ ಒಂದು ಎಳೆಯನ್ನು ಕ್ಯಾಬಿನ್ನಿಗೆ ತಂದು ಸಣ್ಣ ಬಲ್ಬಿಗೆ ಜೋಡಿಸಿ, ಎರಡು ದಿನ ಹಾಗೆಯೇ ಓಡಿಸಲು ಬಿಡುವುದು. ತಂಪು ನಿಂತಾಗ ಬಲ್ಬು ಆರಿದ್ದರೆ ಯಾರೋ ಕಂಪ್ರೆಸರಿಗೆ ನಿಲ್ಲಲು ಹೇಳಿದ್ದಾರೆ ಎಂದರ್ಥ, ಹುಡುಕಾಟ ಪ್ರೆಶರ್ ಸ್ವಿಚ್, ಥರ್ಮೋಸ್ಟಾಟ್, ರಿಲೇ, ಎಂಜಿನ್ ಮಿತಿಮೀರಿ ಕಾದಾಗ ಎಸಿಯನ್ನು ಕಡಿಯುವ ಏರ್ಪಾಡುಗಳ ಕಡೆಗೆ ಹೋಗಬೇಕು. ಬಲ್ಬು ಉರಿಯುತ್ತಿದ್ದೂ ತಂಪು ನಿಂತಿದ್ದರೆ ಕ್ಲಚ್ಚೋ ಅದರ ಅರ್ಥೋ, ಅಥವಾ ಕಂಪ್ರೆಸರ್ ತಿರುಗಿಯೂ ಶೀತಕ ಹರಿಯದ ವಾಲ್ವೋ ಕಾರಣ. ಇಂಥ ಒಂದು ಸಣ್ಣ ಬಲ್ಬು ಹುಡುಕಬೇಕಾದ ಜಾಗವನ್ನು ಅರ್ಧಕ್ಕಿಳಿಸುತ್ತದೆ. ಆಮೇಲೆ, ಕಾಲುಗಳ ಜೋಡಣೆ ಒಂದೇ ಆಗಿದ್ದರೆ ಹಾರ್ನಿನ ರಿಲೇಯನ್ನು ಎಸಿಯ ರಿಲೇಯ ಜಾಗಕ್ಕೆ ಅದಲುಬದಲು ಮಾಡಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಮೊದಲ ಹತ್ತು ನಿಮಿಷ ತಂಪಾಗಿದ್ದು ಎಂಜಿನ್ ಬಿಸಿಯಾಗುತ್ತಿದ್ದಂತೆ ಗಾಳಿಯೂ ಬೆಚ್ಚಗಾಗುವ ಹಳೆಯ ಪಿಕಪ್‌ಗಳಲ್ಲಿ ಎಸಿಯ ಯಾವ ಭಾಗವೂ ಕೆಟ್ಟಿರದೆ, ಹೀಟರಿನ ವಾಲ್ವು ಪೂರ್ತಿ ಮುಚ್ಚದೆ ಬಿಸಿನೀರು ಡ್ಯಾಶ್‌ಬೋರ್ಡಿನ ಒಳಗೆ ಹರಿಯುತ್ತಿರುವುದೂ ಉಂಟು. ಹೀಟರಿಗೆ ಹೋಗುವ ಹೋಸ್ ಪೈಪನ್ನು ತಾತ್ಕಾಲಿಕವಾಗಿ ಮೃದುವಾಗಿ ಅದುಮಿ ಹಿಡಿದು ನೋಡಿದರೆ ಐದು ನಿಮಿಷದಲ್ಲಿ ಇದು ತಿಳಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಗ್ಯಾಸ್ ನಿಜವಾಗಿಯೂ ಸೋರುವ ವಾಹನಗಳು ಇಲ್ಲವೆಂದಲ್ಲ. ತುಂಬಿಸಿದ ತಿಂಗಳು ಎರಡು ತಿಂಗಳಲ್ಲಿ ದಿನೇ ದಿನೇ ಕ್ಷೀಣಿಸುವ, ಹೊತ್ತಿನೊಂದಿಗೂ ವೇಗದೊಂದಿಗೂ ಬದಲಾಗದ ತಂಪು ಸೋರಿಕೆಯದೇ ಲಕ್ಷಣ. ಶೀತಕದೊಂದಿಗೆ ಕಂಪ್ರೆಸರಿನ ಎಣ್ಣೆಯೂ ಹೊರಬರುವುದರಿಂದ, ಧೂಳು ಅಂಟಿ ಕಪ್ಪಾದ ಎಣ್ಣೆಯ ಕಲೆ ಇರುವ ಜೋಡಣೆಯನ್ನೇ ಮೊದಲು ಸೋಪಿನ ನೀರಿನಿಂದ ನೋಡಬೇಕು. ಕಂಪ್ರೆಸರಿನ ದಂಡದ ಸೀಲು ಚಳಿಗಾಲವಿಡೀ ಎಸಿ ಹಾಕದ ವಾಹನಗಳಲ್ಲಿ ಒಣಗಿ ಬಿರುಕುಬಿಡುವುದರಿಂದ, ಡಿಸೆಂಬರಿನಲ್ಲೂ ವಾರಕ್ಕೆ ಹತ್ತು ನಿಮಿಷ ಎಸಿ ನಡೆಸುವುದು ಒಳ್ಳೆಯದು. ಸೋರುವ ಜಾಗ ಹುಡುಕದೆ ಮತ್ತೆ ಮತ್ತೆ ತುಂಬಿಸಿದಾಗ ಗಾಳಿಗೆ ಹೋಗುವುದು ಮಾಲೀಕನ ಹಣ ಮಾತ್ರವಲ್ಲ. ಒಂದು ಕಿಲೋ ಆರ್-134ಎ 1,430 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿಮಾಡಬಲ್ಲದೆಂದು ನೂರು ವರ್ಷಗಳ ಅವಧಿಗೆ ಲೆಕ್ಕಹಾಕಲಾಗಿದೆ. ಅರ್ಧ ಕಿಲೋ ಸೋರಿದರೆ ಅದು 265 ಲೀಟರಿಗೂ ಹೆಚ್ಚು ಡೀಸೆಲ್ ಸುಟ್ಟದ್ದಕ್ಕೆ ಸಮ. ಇದೇ ವರ್ಗದ ಅನಿಲಗಳನ್ನು ಹಂತಹಂತವಾಗಿ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿತು.

ದುರಸ್ತಿ ಮುಗಿದ ಮೇಲೆ ಅದು ಸರಿಯಾಯಿತೆಂದು ತಿಳಿಯುವುದಾದರೂ ಹೇಗೆ? ಆಗೊಮ್ಮೆ ಈಗೊಮ್ಮೆ ಕಾಣಿಸುವ ದೋಷ ಅಂಗಡಿಯ ನೆರಳಿನಲ್ಲಿ ಕಾಣಿಸದಿರುವುದು ಅದು ಹೋಗಿದೆ ಎಂಬುದಕ್ಕೆ ಪುರಾವೆಯಾಗದು, ಏಕೆಂದರೆ ದುರಸ್ತಿಗೆ ಮುಂಚೆಯೂ ಅದು ಅಲ್ಲಿ ಕಾಣಿಸುತ್ತಿರಲಿಲ್ಲ. ಪರೀಕ್ಷೆ ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ, ಅಷ್ಟೇ ಬಿಸಿಲಿನಲ್ಲಿ ನಡೆಯಬೇಕು. ಎಷ್ಟು ಸಲ ಎಂಬುದಕ್ಕೂ ಲೆಕ್ಕವಿದೆ. ಮೊದಲು ಮೂರು ಪಯಣಗಳಲ್ಲಿ ಒಂದರಲ್ಲಿ ಎಸಿ ಕೈಕೊಡುತ್ತಿತ್ತು ಎಂದಿಟ್ಟುಕೊಂಡರೆ, ಏನೂ ದುರಸ್ತಿ ಮಾಡದಿದ್ದರೂ ಒಂದು ಪಯಣ ನಿರಾತಂಕವಾಗಿ ಮುಗಿಯುವ ಸಂಭಾವ್ಯತೆ ಮೂರರಲ್ಲಿ ಎರಡು, ಸತತ ಮೂರು ಪಯಣಗಳು ಹಾಗೆಯೇ ಮುಗಿಯುವ ಸಂಭಾವ್ಯತೆ ಶೇ 30ರಷ್ಟು. ಎಂದರೆ ಮೂರು ದಿನ ತಂಪಾಗಿ ಓಡಿದ್ದು ಏನನ್ನೂ ಸಾಬೀತು ಮಾಡುವುದಿಲ್ಲ. ಬಸವಕಲ್ಯಾಣದಿಂದ ಹುಮನಾಬಾದಿಗೆ ಮಧ್ಯಾಹ್ನದ ಹೊತ್ತಿನಲ್ಲಿ ಹತ್ತು ಸಲ ಹೋಗಿ, ಹತ್ತೂ ಸಲ ಕಿಂಡಿಯ ಗಾಳಿಯ ಉಷ್ಣತೆಯನ್ನು ಥರ್ಮಾಮೀಟರಿನಲ್ಲಿ ನೋಡಿ ಬರೆದಿಟ್ಟು, ಒಮ್ಮೆಯೂ ಅದು ಏರದಿದ್ದರೆ ನೆಚ್ಚಬಹುದು, ಏಕೆಂದರೆ ಹಳೆಯ ದೋಷ ಹಾಗೆಯೇ ಉಳಿದಿದ್ದೂ ಹತ್ತೂ ಪಯಣಗಳು ಹೀಗೆ ಮುಗಿಯುವ ಸಂಭಾವ್ಯತೆ ಶೇ 2ಕ್ಕಿಂತ ಕಡಿಮೆ.